ರಾಣಿಯ ದುಭಾಷಿ

ಸಂಸ್ಕೃತ ನಾಟಕಗಳನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿ ರಾಜ ಸಂಸ್ಕೃತದಲ್ಲಿ ಮಾತನಾಡುತ್ತಾನೆ. ನಾಯಿಕೆ, ಸಖಿಯರು, ವಿದೂಷಕ ಮೊದಲಾದವರು ಪ್ರಾಕೃತದಲ್ಲಿ ಮಾತನಾಡುತ್ತಾರೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲವೆಂಬ ತೊಡಕು ಬರುವುದಿಲ್ಲ. ದುಷ್ಯಂತನಿಗೂ ಶಕುಂತಲೆಗೂ ನಡುವೆ ನಿಂತು ಅರ್ಥ ಹೇಳುವವರು ಯಾರೂ ಬೇಕಾಗಿಲ್ಲ. ಕಂಚುಕಿ ಇದ್ದಾನೆ, ಪ್ರತೀಹಾರಿ ಇದ್ದಾಳೆ, ದೂತನಿದ್ದಾನೆ. ದುಭಾಷಿ ಮಾತ್ರ ಇಲ್ಲ. ನಮ್ಮ ಕಂಪನಿ ನಾಟಕಗಳಲ್ಲಿಯೂ ಹೀಗೆಯೇ. ಯಾವ ದೇಶದ ದೊರೆಯೇ ಬರಲಿ, ರಂಗದ ಮೇಲೆ ಕಾಲಿಟ್ಟ ಕೂಡಲೇ ಅಚ್ಚುಕಟ್ಟಾದ ಕನ್ನಡ ಆಡುತ್ತಾನೆ. ಇದು ನಾಟಕಕಾರನೂ ಪ್ರೇಕ್ಷಕನೂ ಒಪ್ಪಿ ಮಾಡಿಕೊಂಡ ಕರಾರು. ಕರಾರಿನಿಂದ ಕಥೆ ಸುಗಮವಾಗಿ ನಡೆಯುತ್ತದೆ ನಿಜ. ಆದರೆ ಲೋಕದಲ್ಲಿ ನಿತ್ಯ ನಡೆಯುವ ಒಂದು ದೊಡ್ಡ ನಾಟಕ ಅದರಿಂದ ರಂಗದಾಚೆಗೆ ಉಳಿದುಹೋಗುತ್ತದೆ. ಇಬ್ಬರು ಬಲಶಾಲಿಗಳ ನಡುವೆ ನಿಂತು, ಒಬ್ಬನ ಮಾತನ್ನು ಇನ್ನೊಬ್ಬನಿಗೆ ಒಪ್ಪಿಸುವ ಮೂರನೆಯ ಮನುಷ್ಯನ ನಾಟಕ ಅದು.

ಈ ಮೂರನೆಯ ಮನುಷ್ಯನಿಗೆ ಒಂದು ಸ್ಥಾನ ಕೊಟ್ಟು, ಕೊನೆಗೆ ಆ ಸ್ಥಾನವನ್ನು ಉಳಿಸಿಕೊಡಲಾರದೆ ಹೋದ ಒಂದು ಟೆಲಿವಿಷನ್ ನಾಟಕವನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಮೆರಿಕದ ಎಚ್‌ಬಿಒ ಸಂಸ್ಥೆ 2011ರಿಂದ 2019ರ ವರೆಗೆ ಎಂಟು ಭಾಗಗಳಲ್ಲಿ, 73 ಕಂತುಗಳಲ್ಲಿ ಪ್ರಸಾರ ಮಾಡಿದ 'ಗೇಮ್ ಆಫ್ ಥ್ರೋನ್ಸ್' ನಮ್ಮ ನಗರಗಳಲ್ಲಿಯೂ ಮನೆಮನೆಯ ಮಾತಾಗಿತ್ತು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಮಾಲೆಯನ್ನು ಆಧರಿಸಿದ ಈ ನಾಟಕವನ್ನು ಟೆಲಿವಿಷನ್ನಿಗೆ ರೂಪಿಸಿದವರು ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್. ಸಿಂಹಾಸನಕ್ಕಾಗಿ ಹೊಡೆದಾಡುವ ರಾಜಮನೆತನಗಳು, ಹಿಮದಾಚೆಯ ಪ್ರೇತಸೈನ್ಯ, ಬೆಂಕಿಯುಗುಳುವ ಡ್ರೇಗನ್ನುಗಳು—ಇವುಗಳ ಬಗ್ಗೆ ಮಾತನಾಡಿದವರು ಬಹಳ ಮಂದಿ. ಸಿಂಹಾಸನದ ಹಕ್ಕುದಾರಳಾದ ಡನೇರಿಸ್ ರಾಣಿಯ ಪಕ್ಕದಲ್ಲಿ ಆರು ಭಾಗಗಳ ಕಾಲ ಸದ್ದಿಲ್ಲದೆ ನಿಂತ ಮಿಸಾಂಡೇ ಎಂಬ ದುಭಾಷಿಯ ಬಗ್ಗೆ ಮಾತನಾಡಿದವರು ಕಡಿಮೆ. ಮಾತನಾಡಿದವರೂ ಅವಳ ಸಾವನ್ನು ಕುರಿತು ಹೆಚ್ಚು, ಅವಳ ಕೆಲಸವನ್ನು ಕುರಿತು ಕಡಿಮೆ ಮಾತನಾಡಿದರು. ನನ್ನ ಮಟ್ಟಿಗೆ ಆ ನಾಟಕದ ಗುಣವನ್ನೂ ಕೊರತೆಯನ್ನೂ ಅಳೆಯಲು ಇವಳಿಗಿಂತ ಒಳ್ಳೆಯ ಅಳತೆಗೋಲು ಇಲ್ಲ.

ಅವಳು ಮೊದಲು ಕಾಣಿಸಿಕೊಳ್ಳುವುದು 2013ರಲ್ಲಿ, ಮೂರನೆಯ ಭಾಗದ ಮೊದಲ ಕಂತಿನಲ್ಲಿ. ಗುಲಾಮರನ್ನು ಮಾರುವ ಅಸ್ಟಪೋರ್ ಎಂಬ ಊರು. ಬಾಲ್ಯದಲ್ಲಿಯೇ ಪುಂಸತ್ವ ಕಳೆದು, ಕ್ರೂರವಾದ ಶಿಕ್ಷಣ ಕೊಟ್ಟು ತಯಾರಿಸಿದ 8,000 ಮಂದಿ ಸೈನಿಕರು ಅಲ್ಲಿ ಮಾರಾಟಕ್ಕಿದ್ದಾರೆ. ಸೈನ್ಯವಿಲ್ಲದ ಡನೇರಿಸ್ ಕೊಳ್ಳಲು ಬಂದಿದ್ದಾಳೆ. ಮಾರುವವನು ಕ್ರಾಜ್ನಿಸ್ ಎಂಬ ಧನಿ. ಅವನಾಡುವುದು ವಲೀರಿಯನ್ ಭಾಷೆಯ ಆ ಊರಿನ ಅಪಭ್ರಂಶ. ಅವಳಾಡುವುದು ಪಶ್ಚಿಮದ ಸಾಮಾನ್ಯ ಭಾಷೆ, ಅಂದರೆ ನಮ್ಮ ಕಿವಿಗೆ ಇಂಗ್ಲಿಷ್ ಆಗಿ ಕೇಳಿಸುವುದು. ಇಬ್ಬರ ನಡುವೆ ನಿಂತಿರುವವಳು ಕೊರಳಿಗೆ ಪಟ್ಟಿ ಹಾಕಿಸಿಕೊಂಡ ಗುಲಾಮ ಹುಡುಗಿ. ಐದು ವರ್ಷದವಳಿದ್ದಾಗ ನಾಥ್ ಎಂಬ ತನ್ನ ದ್ವೀಪದಿಂದ ಅಪಹೃತಳಾಗಿ ಬಂದವಳು. ಹತ್ತೊಂಬತ್ತು ಭಾಷೆ ಬಲ್ಲವಳು.

ವ್ಯಾಪಾರ ನಡೆಯುತ್ತದೆ. ಕ್ರಾಜ್ನಿಸ್ ತನ್ನ ಸರಕಿನ ಗುಣಗಾನ ಮಾಡುತ್ತಾನೆ. ಸೈನಿಕ ನೋವಿಗೆ ಮಿಡುಕುವುದಿಲ್ಲವೆಂದು ತೋರಿಸಲು ಒಬ್ಬನ ಎದೆಯ ತೊಟ್ಟನ್ನು ಕತ್ತರಿಸಿ ಹಾಕುತ್ತಾನೆ. ನಡುನಡುವೆ, ಎದುರಿಗಿರುವ ಹೆಣ್ಣಿಗೆ ತನ್ನ ಭಾಷೆ ಬಾರದೆಂಬ ಧೈರ್ಯದಲ್ಲಿ, ಪತ್ರಿಕೆಯಲ್ಲಿ ಅಚ್ಚು ಹಾಕಲಾಗದ ಮಾತುಗಳಿಂದ ಅವಳನ್ನು ಬೈಯುತ್ತಾನೆ. ಹುಡುಗಿ ಕಣ್ಣು ಕೆಳಗೆ ಮಾಡಿ, 'ನನ್ನ ಧನಿಗಳು ಹೀಗೆನ್ನುತ್ತಾರೆ' ಎಂದು ಮೊದಲು ಮಾಡಿ, ಬೈಗುಳವನ್ನು ಸೋಸಿ ತೆಗೆದು, ಬೆಲೆಯನ್ನೂ ಸಂಖ್ಯೆಯನ್ನೂ ಷರತ್ತನ್ನೂ ಮಾತ್ರ ಮರ್ಯಾದೆಯ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾಳೆ. ತೆರೆಯ ಕೆಳಗೆ ಅಕ್ಷರದಲ್ಲಿ ಮೂಡುವ ಅನುವಾದವನ್ನು ಓದುತ್ತಿರುವ ನಮಗೆ ಎರಡೂ ಗೊತ್ತು: ಅವನು ಅಂದದ್ದೂ ಗೊತ್ತು, ಇವಳು ಹೇಳಿದ್ದೂ ಗೊತ್ತು. ಎರಡರ ನಡುವಿನ ಅಂತರದಲ್ಲಿ ಒಂದು ನಗೆಯೂ ಹುಟ್ಟುತ್ತದೆ, ಒಂದು ಭಯವೂ ಹುಟ್ಟುತ್ತದೆ. ನಾಥಲಿ ಇಮ್ಯಾನ್ಯುಯೆಲ್ ಅವರ ಅಭಿನಯದ ಹಿರಿಮೆ ಇಲ್ಲಿದೆ. ಅವರು ಮುಖದಲ್ಲಿ ಏನನ್ನೂ ತೋರಗೊಡುವುದಿಲ್ಲ. ಧನಿಯ ಮಾತು ಮುಗಿದು ತನ್ನ ಮಾತು ಮೊದಲಾಗುವುದಕ್ಕೆ ಮುಂಚಿನ ಅರೆಗಳಿಗೆಯ ಮೌನದಲ್ಲಿ ಅಷ್ಟನ್ನೂ ಅಡಗಿಸುತ್ತಾರೆ.

ಈ ದೃಶ್ಯಕ್ಕೆ ನೆಲಗಟ್ಟಾಗಿರುವುದು ಒಂದು ಕಟ್ಟಿದ ಭಾಷೆ. ಮಾರ್ಟಿನ್ ಅವರ ಕಾದಂಬರಿಗಳಲ್ಲಿ ವಲೀರಿಯನ್ ಎಂಬುದು ಬೆರಳೆಣಿಕೆಯ ಪದಗಳ ಸಂಗ್ರಹವಾಗಿತ್ತು. ಅದಕ್ಕೆ ವ್ಯಾಕರಣ, ಶಬ್ದಭಂಡಾರ, ಉಚ್ಚಾರಣೆಗಳನ್ನು ಕೂಡಿಸಿ ಭಾಷೆಯನ್ನಾಗಿ ಮಾಡಿದವರು ಡೇವಿಡ್ ಜೆ. ಪೀಟರ್ಸನ್ ಎಂಬ ಭಾಷಾವಿಜ್ಞಾನಿ. ಅಳಿದುಹೋದ ಸಾಮ್ರಾಜ್ಯದ ಪಂಡಿತರ ವಲೀರಿಯನ್ ಬೇರೆ, ಗುಲಾಮರ ನಗರಗಳ ಆಡುಮಾತು ಬೇರೆ—ಸಂಸ್ಕೃತಕ್ಕೂ ಪ್ರಾಕೃತಗಳಿಗೂ ಇರುವ ಸಂಬಂಧವನ್ನು ನೆನಪಿಸುವ ಹಾಗೆ. 2017ರಲ್ಲಿ ಡುಯೊಲಿಂಗೊ ಎಂಬ ಭಾಷೆ ಕಲಿಸುವ ಸಂಸ್ಥೆ ಈ ಪಂಡಿತ ವಲೀರಿಯನ್ನಿಗೆ ಪಾಠಗಳನ್ನೇ ತೆರೆಯಿತು. ಕ್ರಾಜ್ನಿಸ್ ಬಾಯಿಗೆ ಬಂದ ಸದ್ದು ಮಾಡುತ್ತಿಲ್ಲ, ಮಾತನಾಡುತ್ತಿದ್ದಾನೆ ಎಂಬ ನಂಬಿಕೆ ನಮಗೆ ಬರುವುದರಿಂದಲೇ ಮಿಸಾಂಡೇ ಮಾಡುತ್ತಿರುವುದು ಅನುವಾದ ಎಂಬ ನಂಬಿಕೆಯೂ ಬರುತ್ತದೆ.

ಹುಡುಗಿ ಏಕೆ ಬೈಗುಳವನ್ನು ಬಿಟ್ಟಳು? ಧನಿಗೆ ಒಳ್ಳೆಯದಾಗಲೆಂದೆ? ರಾಣಿಗೆ ನೋವಾಗದಿರಲೆಂದೆ? ತನ್ನ ತಲೆ ಉಳಿಯಲೆಂದೆ? ನಾಟಕ ಇದಕ್ಕೆ ಉತ್ತರ ಹೇಳುವುದಿಲ್ಲ, ಹೇಳದಿರುವುದೇ ಔಚಿತ್ಯ. ನಮ್ಮಲ್ಲಿ ಎಷ್ಟೋ ಮಂದಿ ಈ ಕೆಲಸವನ್ನು ಮಾಡಿದವರೇ. ಕನ್ನಡವೊಂದೇ ಬಲ್ಲ ಅಜ್ಜಿಯನ್ನು ಕರೆದುಕೊಂಡು ಇಂಗ್ಲಿಷಿನ ಡಾಕ್ಟರ ಬಳಿಗೆ ಹೋದ ಮೊಮ್ಮಗ, ಡಾಕ್ಟರ ಗದರಿಕೆಯನ್ನು 'ಸ್ವಲ್ಪ ಉಪ್ಪು ಕಡಿಮೆ ಮಾಡಬೇಕಂತೆ ಅಜ್ಜಿ' ಎಂದು ಇಳಿಸಿ ಹೇಳುತ್ತಾನೆ. ಅಜ್ಜಿಯ ಶಾಪವನ್ನು 'ಆಗಲಿ ಅಂತಾರೆ ಡಾಕ್ಟ್ರೇ' ಎಂದು ಏರಿಸಿ ಹೇಳುತ್ತಾನೆ. ಅವನು ಸುಳ್ಳು ಹೇಳಿದನೆಂದು ಯಾರೂ ದೂರುವುದಿಲ್ಲ. ಆದರೆ ಸತ್ಯ ಹೇಳಿದನೆಂದೂ ಹೇಳುವಂತಿಲ್ಲ. ಎರಡು ಭಾಷೆ ಬಲ್ಲವನ ಕೈಯಲ್ಲಿ ಒಂದು ಅಧಿಕಾರವಿದೆ, ಅದು ಇಬ್ಬರಿಗೂ ಕಾಣಿಸದ ಅಧಿಕಾರ. ಗುಲಾಮಳಾದ ಮಿಸಾಂಡೇಗೆ ಲೋಕದಲ್ಲಿ ಇದ್ದ ಸ್ವಾತಂತ್ರ್ಯವೆಲ್ಲ ಆ ಅಂತರದಷ್ಟೇ ಅಗಲ.

ಹೀಗೆ ನಾವು, ಗುಟ್ಟು ನಮಗೂ ಹುಡುಗಿಗೂ ಮಾತ್ರ ಗೊತ್ತೆಂಬ ಹೆಮ್ಮೆಯಲ್ಲಿರುವಾಗ, ನಾಲ್ಕನೆಯ ಕಂತು ನಮ್ಮ ಕಾಲಕೆಳಗಿನ ಹಲಗೆಯನ್ನು ಎಳೆಯುತ್ತದೆ. ಡನೇರಿಸ್ ತನ್ನ ದೊಡ್ಡ ಡ್ರೇಗನ್ನನ್ನು ಕೊಟ್ಟು ಸೈನ್ಯವನ್ನು ಕೊಂಡಿದ್ದಾಳೆ. ಡ್ರೇಗನ್ ತನ್ನ ಮಾತು ಕೇಳುತ್ತಿಲ್ಲವೆಂದು ಧನಿ ಗೊಣಗುತ್ತಾನೆ. ಆಗ ರಾಣಿ ತಿರುಗಿ, ದುಭಾಷಿಯ ಕಡೆ ನೋಡದೆ, ನಿರರ್ಗಳವಾದ ವಲೀರಿಯನ್ನಿನಲ್ಲಿ, ಡ್ರೇಗನ್ ಗುಲಾಮನಲ್ಲ ಎನ್ನುತ್ತಾಳೆ. ಅದು ಅವಳ ತಾಯಿನುಡಿ! ಒಂದೊಂದು ಬೈಗುಳವನ್ನೂ ಅವಳು ಮೊದಲಿನಿಂದ ಕೇಳಿಸಿಕೊಂಡಿದ್ದಳು. ಸೈನ್ಯಕ್ಕೆ ಧನಿಗಳನ್ನು ಕೊಲ್ಲುವ ಆಜ್ಞೆ ಕೊಡುತ್ತಾಳೆ. ಡ್ರೇಗನ್ನಿಗೆ 'ಡ್ರಕಾರಿಸ್' ಎನ್ನುತ್ತಾಳೆ. ಡ್ರೇಗನ್ನಿನ ಬೆಂಕಿ ಎಂದು ಆ ಪದದ ಅರ್ಥ. ಕ್ರಾಜ್ನಿಸ್ ಉರಿದುಹೋಗುತ್ತಾನೆ.

ಇಲ್ಲಿ ಕಾದಂಬರಿಗೂ ತೆರೆಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. 2000ದಲ್ಲಿ ಪ್ರಕಟವಾದ ಮೂರನೆಯ ಕಾದಂಬರಿಯಲ್ಲಿ ನಾವು ಡನೇರಿಸಳ ಮನಸ್ಸಿನೊಳಗಿನಿಂದ ಕಥೆಯನ್ನು ನೋಡುತ್ತೇವೆ. ಅವಳಿಗೆ ಭಾಷೆ ತಿಳಿಯುತ್ತದೆಂಬುದು ನಮಗೆ ಮೊದಲೇ ಗೊತ್ತು. ಮಿಸಾಂಡೇ ಅಲ್ಲಿ ಹತ್ತು ವರ್ಷದ ಬಾಲೆ. ತೆರೆಯ ಮೇಲೆ ಅವಳನ್ನು ಯುವತಿಯನ್ನಾಗಿ ಮಾಡಿದರು, ರಾಣಿಯ ಗುಟ್ಟನ್ನು ನಮ್ಮಿಂದಲೂ ಮುಚ್ಚಿಟ್ಟರು. ಇದರಿಂದ ಬರಿಯ ಚಮತ್ಕಾರಕ್ಕಿಂತ ಹೆಚ್ಚಿನ ಲಾಭವಾಗಿದೆ. ಗುಟ್ಟು ಬಯಲಾದ ಮೇಲೆ ಹಿಂದಿನ ದೃಶ್ಯಗಳನ್ನೆಲ್ಲ ಮನಸ್ಸಿನಲ್ಲಿ ತಿರುಗಿ ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ವ್ಯಾಪಾರ ಕುದುರಿದಾಗ, ಈ ದುಭಾಷಿಯನ್ನೂ ಕಾಣಿಕೆಯಾಗಿ ಕೊಡಬೇಕೆಂದು ಡನೇರಿಸ್ ಕೇಳಿದ್ದಳಷ್ಟೆ? ಅವಳಿಗೆ ವಲೀರಿಯನ್ನಿಗೆ ದುಭಾಷಿ ಬೇಕಾಗಿರಲಿಲ್ಲ. ಹಾಗಾದರೆ ಕೇಳಿದ್ದು ಏಕೆ? ಹುಡುಗಿ ಏನೇನು ಬಿಟ್ಟಳು, ಹೇಗೆ ಬಿಟ್ಟಳು ಎಂಬುದನ್ನು ಅವಳು ನಿಮಿಷ ನಿಮಿಷವೂ ಪರೀಕ್ಷಿಸುತ್ತ ನಿಂತಿದ್ದಳು. ಅವಳು ಆರಿಸಿಕೊಂಡದ್ದು ನಾಲಗೆಯನ್ನಲ್ಲ, ಆ ನಾಲಗೆಯ ಹಿಂದಿದ್ದ ವಿವೇಕವನ್ನು. ದುಭಾಷಿಯ ಗುಣವನ್ನು ತಿಳಿಯಬಲ್ಲವನು ದುಭಾಷಿ ಬೇಡದವನೊಬ್ಬನೇ! ಇಂಥ ಸೂಕ್ಷ್ಮವಾದ ವ್ಯಂಗ್ಯವನ್ನು ನಾನು ಟೆಲಿವಿಷನ್ನಿನಲ್ಲಿ ಬಹಳ ಕಂಡಿಲ್ಲ.

ಇದರ ಮುಂದಿನ ಹೆಜ್ಜೆ 2014ರ ನಾಲ್ಕನೆಯ ಭಾಗದಲ್ಲಿದೆ. ಮೀರೀನ್ ನಗರದ ಕೋಟೆಯ ಮುಂದೆ ರಾಣಿಯ ಸೈನ್ಯ ನಿಂತಿದೆ. ಒಳಗಿನಿಂದ ಕುದುರೆಯೇರಿ ಬಂದ ಶೂರನೊಬ್ಬ ಅತ್ಯಂತ ಹೊಲಸಾದ ಮಾತಿನಲ್ಲಿ ಸವಾಲು ಹಾಕುತ್ತಾನೆ. ಮಿಸಾಂಡೇ ಈಗ ಬಿಡುಗಡೆಯಾದವಳು, ರಾಣಿಯ ಪಕ್ಕದಲ್ಲಿ ನಿಂತವಳು. ಅವಳು ಅನುವಾದ ಮಾಡುತ್ತಾಳೆ. ಈ ಸಲ ಒಂದು ಮಾತನ್ನೂ ಬಿಡುವುದಿಲ್ಲ. ಸೈನಿಕರಿಗೆ ಗಂಡಸುತನವಿಲ್ಲವೆಂದದ್ದನ್ನೂ, ರಾಣಿ ಹೆಣ್ಣೇ ಅಲ್ಲವೆಂದದ್ದನ್ನೂ, ಅದಕ್ಕೆ ಸೇರಿಸಿದ ಹೇಸಿಗೆಯನ್ನೂ, ಲೆಕ್ಕ ಓದುವ ಶ್ಯಾನುಭೋಗರ ಧ್ವನಿಯಲ್ಲಿ ಹೇಳಿ ಮುಗಿಸುತ್ತಾಳೆ. ನೋಡುವವರು ನಗುತ್ತಾರೆ. ಆದರೆ ಅದು ನಗೆಯ ಪ್ರಸಂಗ ಮಾತ್ರವಲ್ಲ. ಗುಲಾಮಳಾಗಿದ್ದಾಗ ಮಾತನ್ನು ತೊಳೆದು ಕೊಡಬೇಕಾಗಿತ್ತು. ಬಿಡುಗಡೆಯಾದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಸ್ವಾತಂತ್ರ್ಯವೆಂದರೇನೆಂಬುದನ್ನು ಆ ನಾಟಕದಲ್ಲಿ ರಾಣಿಯ ದೊಡ್ಡ ದೊಡ್ಡ ಭಾಷಣಗಳು ಹೇಳಿದ್ದಕ್ಕಿಂತ ಚೆನ್ನಾಗಿ ಈ ಒಂದು ಅನುವಾದ ಹೇಳುತ್ತದೆ.

ಇಷ್ಟು ಚೆನ್ನಾಗಿ ಮೊದಲಾದ ಪಾತ್ರ ಮುಂದೆ ಏನಾಯಿತು? ಇಲ್ಲಿಂದ ನನ್ನ ಆಕ್ಷೇಪಣೆ ಮೊದಲಾಗುತ್ತದೆ. ಗುಟ್ಟು ಒಮ್ಮೆ ಒಡೆದ ಮೇಲೆ ರಾಣಿ ಗುಲಾಮರಿಗೆ ತಾನೇ ವಲೀರಿಯನ್ನಿನಲ್ಲಿ ಭಾಷಣ ಮಾಡುತ್ತಾಳೆ. ಕುದುರೆ ಸವಾರರಾದ ಡೋತ್ರಾಕಿಗಳ ಭಾಷೆ ಅವಳಿಗೆ ಮೊದಲೇ ಬರುತ್ತದೆ. ಸಲಹೆಗಾರರೆಲ್ಲ ಸಾಮಾನ್ಯ ಭಾಷೆಯವರು. ಹೀಗಾಗಿ ದುಭಾಷಿಗೆ ಕೆಲಸವಿಲ್ಲದೆ ಹೋಯಿತು. ನಾಟಕ ಅವಳಿಗೆ ಬೇರೆ ಕೆಲಸಗಳನ್ನು ಹುಡುಕಿತು. ಸೇನಾಪತಿ ಗ್ರೇ ವರ್ಮನಿಗೆ ಭಾಷೆ ಕಲಿಸುವ ಕೆಲಸ ಬಂತು. ಆ ಪಾಠಗಳಿಂದ ಒಂದು ಮೃದುವಾದ ಪ್ರೇಮ ಹುಟ್ಟಿತು. ಅದು ಸುಂದರವಾಗಿಯೇ ಇದೆ, ಅಲ್ಲಗಳೆಯುವುದಿಲ್ಲ. ಆಮೇಲೆ ಸಭೆಯಲ್ಲಿ ರಾಣಿಯ ಬಿರುದಾವಳಿ ಓದುವ ಕೆಲಸ ಬಂತು. 2017ರ ಏಳನೆಯ ಭಾಗದಲ್ಲಿ ಉತ್ತರದ ದೊರೆ ಜಾನ್ ಸ್ನೋ ಬಂದಾಗ ಅವಳು ಉದ್ದನೆಯ ಬಿರುದಿನ ಮಾಲೆಯನ್ನು ಓದುತ್ತಾಳೆ. ಎದುರು ಪಕ್ಷದ ಮುದುಕ ತನ್ನ ದೊರೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ನಗೆ ಬರುತ್ತದೆ. ಆದರೆ ಹತ್ತೊಂಬತ್ತು ಭಾಷೆಯ ವಿದುಷಿ ಹೊಗಳುಭಟ್ಟಳಾದಳಲ್ಲ ಎಂಬ ವ್ಯಥೆಯೂ ಬರುತ್ತದೆ.

ಅದೇ ಭಾಗದಲ್ಲಿ ಒಂದು ಕ್ಷಣ ಮಾತ್ರ ಹಳೆಯ ಮಿಸಾಂಡೇ ಮತ್ತೆ ಎದ್ದು ನಿಲ್ಲುತ್ತಾಳೆ. ಲೋಕವನ್ನುಳಿಸುವ ರಾಜಕುಮಾರನೊಬ್ಬ ಬರುತ್ತಾನೆಂಬ ಹಳೆಯ ಭವಿಷ್ಯವಾಣಿಯನ್ನು ಪೂಜಾರಿಣಿಯೊಬ್ಬಳು ರಾಣಿಯ ಮುಂದೆ ಹೇಳುತ್ತಾಳೆ. ತಾನು ರಾಜಕುಮಾರನಲ್ಲವಲ್ಲ ಎಂದು ರಾಣಿ ನಗುತ್ತಾಳೆ. ಆಗ ಮಿಸಾಂಡೇ ವಿನಯದಿಂದಲೇ ಅಡ್ಡ ಬಂದು, ಆ ಅನುವಾದ ಪೂರ್ತಿ ಸರಿಯಲ್ಲ. ಮೂಲದ ನಾಮಪದಕ್ಕೆ ಲಿಂಗಭೇದವಿಲ್ಲ, ರಾಜಕುಮಾರ ಅಥವಾ ರಾಜಕುಮಾರಿ ಎಂದು ಅರ್ಥ ಮಾಡಬೇಕು ಎನ್ನುತ್ತಾಳೆ. ವ್ಯಾಕರಣದ ಒಂದು ಟಿಪ್ಪಣಿಯಿಂದ ಭವಿಷ್ಯವಾಣಿಯ ಬಾಗಿಲು ರಾಣಿಗೆ ತೆರೆಯುತ್ತದೆ! ಖಡ್ಗವೂ ಡ್ರೇಗನ್ನೂ ಕೊಡಲಾಗದ ಹಕ್ಕನ್ನು ಒಬ್ಬ ಅನುವಾದಕಿ ಕೊಟ್ಟಳು. ಈ ತಿದ್ದುಪಡಿ ನಿಷ್ಪಕ್ಷಪಾತವಾದ ಪಾಂಡಿತ್ಯವೋ, ಒಡತಿಯ ಮೇಲಿನ ಪ್ರೀತಿಯೋ? ಎರಡೂ ಇರಬಹುದು. ಅನುವಾದಕರ ಕೈಯಲ್ಲಿ ಎರಡನ್ನು ಬೇರ್ಪಡಿಸುವುದು ಯಾವಾಗಲೂ ಕಷ್ಟ. ನಾಟಕ ಇದನ್ನು ಹಿಡಿದು ಮುಂದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದು ಒಂದು ಮಾತಿನ ಚುರುಕಾಗಿ ಅಲ್ಲಿಗೇ ಮುಗಿಯಿತು.

ಚರಿತ್ರೆಯ ದುಭಾಷಿಗಳು ಹೀಗೆ ಬರಿಯ ನೆರಳಾಗಿ ಉಳಿದವರಲ್ಲ. 1519ರಲ್ಲಿ ಮೆಕ್ಸಿಕೋದ ಕರಾವಳಿಗೆ ಇಳಿದ ಸ್ಪೇನಿನ ಕೊರ್ಟೆಸ್‌ಗೆ ದುಭಾಷಿಯಾದವಳು ಮಲಿಂಚೆ ಎಂಬ ಹೆಂಗಸು. ಅವಳೂ ಗುಲಾಮಳಾಗಿ, ಕಾಣಿಕೆಯಾಗಿ ಬಂದವಳೇ. ಮೊದಲಿಗೆ ಅವಳು ಅಲ್ಲಿಯ ನಹುವಾತ್ಲ್ ಭಾಷೆಯನ್ನು ಮಾಯಾ ಭಾಷೆಗೆ ತಿರುಗಿಸಿದರೆ, ಅಗಿಲಾರ್ ಎಂಬ ಸ್ಪೇನಿನವನು ಮಾಯಾ ಭಾಷೆಯಿಂದ ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದ. ಬೇಗನೆ ಅವಳು ಸ್ಪ್ಯಾನಿಷ್ ಕಲಿತು ಅವನ ಅಗತ್ಯವಿಲ್ಲದಂತೆ ಮಾಡಿದಳು. ದೇಶದ್ರೋಹಿಯೆಂದು ಅವಳನ್ನು ಬೈದವರೂ ಇದ್ದಾರೆ, ಒಂದು ಹೊಸ ಜನಾಂಗದ ತಾಯಿಯೆಂದು ನೆನೆದವರೂ ಇದ್ದಾರೆ. ಅವಳನ್ನು ಲೆಕ್ಕಕ್ಕೆ ಬಾರದವಳೆಂದು ಬಿಟ್ಟವರಿಲ್ಲ. ನಮ್ಮ ನೆರೆಯಲ್ಲಿಯೇ, ಪಾಂಡಿಚೇರಿಯಲ್ಲಿ, ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ ತಮಿಳಿನಲ್ಲಿ ಬರೆದಿಟ್ಟ ದಿನಚರಿ ಆ ಕಾಲದ ಚರಿತ್ರೆಗೆ ದೊಡ್ಡ ಆಧಾರ. ಹಗಲೆಲ್ಲ ಒಡೆಯನ ಮಾತನ್ನಾಡಿದವನು ತನ್ನ ಮಾತನ್ನೂ ಉಳಿಸಿಕೊಂಡಿದ್ದ. ಮಿಸಾಂಡೇಗೆ ಅಂಥ ದಿನಚರಿ ಇಲ್ಲ. ಒಡತಿಯ ವಿಷಯದಲ್ಲಿ ಅವಳಿಗೆ ಒಂದು ಸಂದೇಹವಾದರೂ ಬಂದಿತ್ತೆ? ಒಡತಿ ಮನುಷ್ಯರನ್ನು ಸುಡಿಸಿದಾಗ ಅವಳ ಎದೆಯಲ್ಲಿ ಏನಾಯಿತು? ನಾಟಕಕ್ಕೆ ಕೇಳಬೇಕೆಂದು ತೋರಲೇ ಇಲ್ಲ.

ಇದು ಟೆಲಿವಿಷನ್ನಿನ ಶಕ್ತಿಗೆ ಮೀರಿದ್ದೇನಲ್ಲ ಎಂಬುದಕ್ಕೆ 2024ರಲ್ಲಿ ಬಂದ 'ಶೋಗನ್' ಸಾಕ್ಷಿ. 1600ರ ಸುಮಾರಿನ ಜಪಾನಿನ ಕಥೆ. ಜೇಮ್ಸ್ ಕ್ಲಾವೆಲ್ ಅವರ 1975ರ ಕಾದಂಬರಿ ಅದಕ್ಕೆ ಆಧಾರ. ಅಲ್ಲಿ ತೊರನಾಗ ಎಂಬ ಪ್ರಭುವಿಗೂ ಇಂಗ್ಲಿಷ್ ನಾವಿಕನಿಗೂ ನಡುವೆ ಮರಿಕೊ ಎಂಬ ಸಾಮಂತ ಕುಲದ ಹೆಂಗಸು ದುಭಾಷಿಯಾಗುತ್ತಾಳೆ. ಅವಳೂ ಒರಟು ಮಾತನ್ನು ನಯಗೊಳಿಸುತ್ತಾಳೆ. ಆದರೆ ಅವಳಿಗೆ ತನ್ನದೇ ಆದ ಒಂದು ಹಳೆಯ ಗಾಯವಿದೆ: ಪ್ರಭುಹತ್ಯೆಯ ಕಳಂಕ ಹೊತ್ತ ತಂದೆಯ ಮಗಳು ಅವಳು. ತನ್ನದೇ ಆದ ದೇವರಿದ್ದಾನೆ, ತನ್ನದೇ ಆದ ಸಾವಿನ ಬಯಕೆಯಿದೆ. ಕೊನೆಗೆ ಒಸಾಕದ ಕೋಟೆಯಲ್ಲಿ, ಪ್ರಭುವಿನ ಕೆಲಸವನ್ನೇ ಮಾಡುತ್ತ, ಅದನ್ನು ತನ್ನ ಕೆಲಸವನ್ನಾಗಿ ಮಾಡಿಕೊಂಡು ಸಾಯುತ್ತಾಳೆ. ಆ ಪಾತ್ರಕ್ಕಾಗಿ ಅನ್ನಾ ಸವಾಯಿ ಅವರಿಗೆ ಆ ವರ್ಷ ಎಮ್ಮಿ ಪ್ರಶಸ್ತಿ ಬಂತು. ಇಬ್ಬರು ದುಭಾಷಿಗಳೂ ಒಡೆಯರಿಗಾಗಿಯೇ ಸತ್ತರು. ಆದರೆ ಮರಿಕೊ ಸಾವಿನ ಬಳಿಗೆ ನಡೆದುಹೋದಳು, ಮಿಸಾಂಡೇಯನ್ನು ಎಳೆದುತಂದರು.

ಆ ಸಾವಿನ ವಿಷಯಕ್ಕೆ ಈಗ ಬರಬೇಕು. 2019ರ ಮೇ ತಿಂಗಳಲ್ಲಿ ಪ್ರಸಾರವಾದ ಎಂಟನೆಯ ಭಾಗದ ನಾಲ್ಕನೆಯ ಕಂತು. ಸಮುದ್ರದಲ್ಲಿ ಹಡಗುಗಳು ಒಡೆದು ಮಿಸಾಂಡೇ ಶತ್ರುರಾಣಿ ಸರ್ಸಿಯ ಕೈಗೆ ಸಿಕ್ಕಿದ್ದಾಳೆ. ಗುಲಾಮಗಿರಿಯಿಂದ ಬಿಡುಗಡೆಯಾದವಳ ಕೈಗಳಿಗೆ ಮತ್ತೆ ಬೇಡಿ. ಕೋಟೆಯ ಮೇಲೆ ನಿಲ್ಲಿಸಿ, ಕೊನೆಯ ಮಾತೇನಾದರೂ ಇದ್ದರೆ ಹೇಳು ಎನ್ನುತ್ತಾರೆ. ಅವಳು ಕೆಳಗೆ ನಿಂತಿರುವ ತನ್ನ ರಾಣಿಯನ್ನೂ ಗ್ರೇ ವರ್ಮನನ್ನೂ ನೋಡಿ ಒಂದೇ ಪದ ಹೇಳುತ್ತಾಳೆ: 'ಡ್ರಕಾರಿಸ್.' ತಲೆ ಉರುಳುತ್ತದೆ. ಮುಂದಿನ ಕಂತಿನಲ್ಲಿ ಡನೇರಿಸ್ ನಗರವನ್ನೇ, ಶರಣಾದ ಮೇಲೆ, ನಿರಪರಾಧಿಗಳ ಸಮೇತ ಸುಟ್ಟು ಬೂದಿ ಮಾಡುತ್ತಾಳೆ. ಆ ನಾಟಕದ ಮುಖ್ಯ ಹೆಂಗಸರಲ್ಲಿ ಬಿಳಿಯಳಲ್ಲದವಳೆಂದು ಎದ್ದು ಕಾಣುತ್ತಿದ್ದವಳು ಇವಳೊಬ್ಬಳೇ. ಅವಳನ್ನು ಸಂಕೋಲೆಯಲ್ಲಿ ಕೊಲ್ಲಿಸಿದ್ದಕ್ಕೆ ಆಗ ಪಾಶ್ಚಾತ್ಯ ದೇಶಗಳಲ್ಲಿ ಬಹಳ ಟೀಕೆ ಬಂತು. ಟೀಕೆ ನ್ಯಾಯವಾದದ್ದೇ. ಇನ್ನೊಬ್ಬಳ ಕೋಪಕ್ಕೆ ಕಾರಣ ಒದಗಿಸುವುದಕ್ಕಾಗಿ ಒಂದು ಪಾತ್ರವನ್ನು ಕೊಲ್ಲುವುದು ಕಥೆಗಾರನ ಸೋಮಾರಿತನ.

ಆದರೆ ಆ ಒಂದು ಪದದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೆಲವರು ಅದನ್ನು ವೀರವಾಣಿಯೆಂದು ಮೆಚ್ಚಿದರು. ಕೆಲವರು, ಇಷ್ಟು ಮೃದು ಸ್ವಭಾವದವಳ ಬಾಯಲ್ಲಿ ಇದು ಒಪ್ಪುವುದಿಲ್ಲವೆಂದರು. ಅವಳ ವೃತ್ತಿಯನ್ನು ನೆನೆದರೆ ಆ ಪದದ ಭಯಂಕರತೆ ಬೇರೆ ರೀತಿಯಲ್ಲಿ ಕಾಣುತ್ತದೆ. ಜೀವಮಾನವೆಲ್ಲ ಬೇರೆಯವರ ಮಾತನ್ನು ತಿರುಗಿಸಿ ಹೇಳಿದವಳು, ಮಾತಿನ ಮುಳ್ಳು ತೆಗೆದು ಕೊಟ್ಟವಳು, ಕೊನೆಯಲ್ಲಿ ಅನುವಾದ ಮಾಡದೆ ಒಂದು ಪದ ಹೇಳಿದಳು. ಪಕ್ಕದಲ್ಲಿದ್ದ ಸರ್ಸಿಗಾಗಿ ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಯಾರಿಗೆ ತಿಳಿಯಬೇಕಾಗಿತ್ತೋ ಅವರಿಗೆ ತಿಳಿಯಿತು. ಆದರೆ ಆ ಪದವಾದರೂ ಯಾರದು? ನಾಥ್ ದ್ವೀಪದ ಅವಳ ತಾಯಿನುಡಿಯದಲ್ಲ. ಅಸ್ಟಪೋರಿನಲ್ಲಿ ಅವಳ ಧನಿಯನ್ನು ಸುಟ್ಟ ದಿನ ಅವಳ ಒಡತಿ ಆಡಿದ ಪದ ಅದು. ಸ್ವಂತ ಮಾತಾಡುವ ಒಂದೇ ಒಂದು ಅವಕಾಶ ಬಂದಾಗ ಅವಳ ನಾಲಗೆಗೆ ಸಿಕ್ಕಿದ್ದು ರಾಣಿಯ ಮಾತು, ಅದೂ ಮೃಗವೊಂದಕ್ಕೆ ಕೊಡುವ ಆಜ್ಞೆ. ಹತ್ತೊಂಬತ್ತು ಭಾಷೆಗಳಲ್ಲಿ ಒಂದರಲ್ಲಿಯೂ ತನ್ನದೆನ್ನುವ ಮಾತು ಅವಳಿಗೆ ಉಳಿದಿರಲಿಲ್ಲ. ಇದನ್ನು ನಾಟಕಕಾರರು ತಿಳಿದು ಮಾಡಿದ್ದರೆ ಅದು ದೊಡ್ಡ ಕರುಣ. ತಿಳಿಯದೆ ಮಾಡಿದ್ದರೆ, ಅವರಿಗೆ ಗೊತ್ತಿಲ್ಲದೆ ಅವರ ಕೈಯಿಂದ ಬಂದ ಸತ್ಯ.

ನಮ್ಮವರಿಗೆ ಇಲ್ಲಿ ಸುಂದರಕಾಂಡ ನೆನಪಾಗದೆ ಇರದು. ರಾವಣನ ಸಭೆಯಲ್ಲಿ ಸೆರೆ ಸಿಕ್ಕಿದ ಹನುಮಂತನನ್ನು ಕೊಲ್ಲಬೇಕೆಂದಾಗ, ದೂತವಧೆ ಸಲ್ಲದೆಂದು ವಿಭೀಷಣ ತಡೆಯುತ್ತಾನೆ. ಇನ್ನೊಬ್ಬರ ಮಾತನ್ನು ಹೊತ್ತು ತಂದವನು ಆ ಮಾತಿಗೆ ಹೊಣೆಯಲ್ಲವೆಂಬುದು ನಮ್ಮ ಹಿರಿಯರ ನ್ಯಾಯ. ಅಲ್ಲಿಯೂ ನಗರ ಉರಿಯಿತು. ಆದರೆ ದೂತ ಉಳಿದು, ರಾಮನ ಬಳಿಗೆ ಹಿಂದಿರುಗಿ, ಕಂಡದ್ದನ್ನು ತನ್ನ ಬಾಯಿಂದಲೇ ಹೇಳಿದ. ಹನುಮಂತನ ಹಿರಿಮೆ ಬರಿಯ ಬಲದಲ್ಲಿಲ್ಲ, ಯಾರ ಮುಂದೆ ಏನನ್ನು ಹೇಗೆ ಹೇಳಬೇಕೆಂಬ ವಿವೇಕದಲ್ಲಿದೆ. ಮಿಸಾಂಡೇಯ ನಗರದಲ್ಲಿ ವಿಭೀಷಣನೂ ಇರಲಿಲ್ಲ, ಹಿಂದಿರುಗುವ ದಾರಿಯೂ ಇರಲಿಲ್ಲ.

ಕೊನೆಯ ಕಂತಿನ ಒಂದು ದೃಶ್ಯವನ್ನು ಹೇಳಿ ಮುಗಿಸುತ್ತೇನೆ. ನಗರ ಬೂದಿಯಾಗಿದೆ. ಗೆದ್ದ ರಾಣಿ ಮೆಟ್ಟಿಲುಗಳ ತುದಿಯಲ್ಲಿ ನಿಂತು ಸೈನ್ಯವನ್ನು ಕುರಿತು ಮಾತನಾಡುತ್ತಾಳೆ. ಸವಾರರಿಗೆ ಡೋತ್ರಾಕಿಯಲ್ಲಿ, ಕಾಲಾಳುಗಳಿಗೆ ವಲೀರಿಯನ್ನಿನಲ್ಲಿ. ಲೋಕದ ಎಲ್ಲ ಊರುಗಳನ್ನೂ ಇದೇ ರೀತಿ ಬಿಡುಗಡೆ ಮಾಡುತ್ತೇನೆಂದು ಅವಳ ಮಾತು. ಅವಳನ್ನು ಪ್ರೀತಿಸಿದ ಜಾನ್ ಸ್ನೋ ಹಿಂದೆ ನಿಂತಿದ್ದಾನೆ. ಅವನಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ, ಸೈನ್ಯದ ಕೂಗು ಮಾತ್ರ ಕೇಳಿಸುತ್ತದೆ. ನಡುವೆ ನಿಂತು ಅರ್ಥ ಹೇಳುವವರಿಲ್ಲ. ಒಂದು ಮಾತನ್ನು ಮೆತ್ತಗೆ ಮಾಡುವವರಿಲ್ಲ, ಒಂದು ಪದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ವಿನಯದಿಂದ ಅಡ್ಡ ಬರುವವರಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಅವನ ಕಠಾರಿ ಅವಳ ಎದೆಗೆ ಇಳಿಯುತ್ತದೆ. ಆ ಮೆಟ್ಟಿಲುಗಳ ಮೇಲೆ ರಾಣಿಯ ಎಡಬಲದ ಬರಿದಾದ ಜಾಗವನ್ನು ನೋಡಿದಾಗಲೇ ಮಿಸಾಂಡೇ ಅಲ್ಲಿಯ ತನಕ ಏನು ಮಾಡುತ್ತಿದ್ದಳೆಂಬುದು ನಮಗೆ ಪೂರ್ತಿಯಾಗಿ ತಿಳಿಯುತ್ತದೆ. ಆಳುವವರಿಗೆ ಎಲ್ಲ ಭಾಷೆಗಳೂ ಬರುವುದು ಒಳ್ಳೆಯದೇ. ಅವರ ಮಾತಿಗೂ ಲೋಕದ ಕಿವಿಗೂ ನಡುವೆ ಅರೆಗಳಿಗೆ ತಡೆದು ಯೋಚಿಸುವ ಒಬ್ಬರು ಇರುವುದು ಅದಕ್ಕಿಂತಲೂ ಒಳ್ಳೆಯದು.